ನಾಲ್ಕು ಮನೆ ಮುಂದೆ ಬೆಂಜೀನ್

ಕಳೆದ ಭಾನುವಾರ ಗುಂಡ್ಲುಪೇಟೆಯ ಒಂದು ಓಣಿಯಲ್ಲಿ ನಾಲ್ಕು ಮನೆಗಳ ಮುಂದೆ ಬೆಂಜೀನ್ ನೋಡಿದೆ.

ಗಾಬರಿ ಬೇಡ. ಚೆಲ್ಲಿದ್ದಲ್ಲ, ಬರೆದದ್ದು. ಸಗಣಿ ಸಾರಿಸಿದ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಆರು ಮೂಲೆ, ಆರು ಗೆರೆ. ಒಂದು ಬಿಟ್ಟು ಒಂದು ಗೆರೆಗೆ ಒಳಗಿನಿಂದ ಇನ್ನೊಂದು ಜೊತೆ ಗೆರೆ. ಕಾಲೇಜಿನ ಕೆಮಿಸ್ಟ್ರಿ ಪುಸ್ತಕದಲ್ಲಿ ಅಚ್ಚು ಹಾಕಿರುತ್ತಾರಲ್ಲ, ಥೇಟ್ ಹಾಗೇ. ನಾಲ್ಕನೇ ಮನೆಯವರು ಮಾತ್ರ ನಡುವೆ ಒಂದು ಕಮಲ ಸೇರಿಸಿದ್ದರು. (ಆ ವಸ್ತುವಿಗೆ ಏನು ಹೆಸರಿಡಬೇಕೋ ನನಗೆ ಗೊತ್ತಿಲ್ಲ.)

ಬೇರೆ ಯಾರಾದರೂ ಆಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದರು. ನನಗೆ ಹೊಟ್ಟೆ ಉರಿಯಿತು.

ಯಾಕೆ ಅಂತೀರಾ? ಆ ಓಣಿಯಲ್ಲಿ ಮೊದಲ ಬೆಂಜೀನ್ ಬರೆದವಳು ನನ್ನ ಮಗಳು ಗಿರಿಜ. ಅಕ್ಕಪಕ್ಕದ ಹೆಂಗಸರು ಅವಳನ್ನು ನೋಡಿ ಬರೆದುಕೊಂಡಿದ್ದರು. ಮತ್ತು ಅವಳಿಗೆ ಅದನ್ನು ಕಲಿಸಿದವನು ನಾನಲ್ಲ.

ಈ ಅಂಕಣವನ್ನು ವಾರವಾರ ಓದುವವರಿಗೆ ನಮ್ಮ ಮನೆ ಸಮಾಚಾರ ನನಗಿಂತ ಚೆನ್ನಾಗಿ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ನಾನು ಚಾಮರಾಜನಗರದಲ್ಲಿ ಹೈಸ್ಕೂಲು ಸೈನ್ಸ್ ಮೇಷ್ಟ್ರು. ಗಿರಿಜ ಮೈಸೂರಿನಲ್ಲಿ ಇಂಟರ್‌ಮೀಡಿಯಟ್ ಓದಿದವಳು. ನಮ್ಮ ವಂಶದಲ್ಲಿ ಸೈನ್ಸ್ ಮುಟ್ಟಿದ ಮೊದಲ ಹೆಣ್ಣುಮಗಳು. ಮಾರ್ಚಿಯಲ್ಲಿ ಪರೀಕ್ಷೆ ಬರೆದಳು. ಫಿಸಿಕ್ಸ್ ಪಾಸು. ಗಣಿತ ಪಾಸು. ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನಲ್ಲಿ ಡುಮ್ಕಿ.

ಅದೂ ಸೈನ್ಸ್ ಮೇಷ್ಟ್ರ ಮಗಳು!

ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಅವಳಿಗೆ ಪಾಠ ಹೇಳಿದವನು ಬೇರೆ ಯಾರೂ ಅಲ್ಲ, ನಾನೇ. ಬೆಳಗಿನ ಐದೂವರೆಗೆ ಎಬ್ಬಿಸುತ್ತಿದ್ದೆ. ಅವಳು ಬಾವಿಯಲ್ಲಿ ನೀರು ಸೇದಬೇಕು, ಸೇದುತ್ತಾ ಬಾಯಿಪಾಠ ಒಪ್ಪಿಸಬೇಕು. ನಾನು ಜಗಲಿ ಮೇಲೆ ಹಲ್ಲುಜ್ಜುತ್ತಾ ಕೇಳಬೇಕು. ಮಗ್ಗಿ ಹೇಳಿದ ಹಾಗೆ, ರಾಗವಾಗಿ. ಮೀಥೇನ್, ಈಥೇನ್, ಪ್ರೊಪೇನ್, ಬ್ಯೂಟೇನ್. ಒಂದು ಹೆಸರು ತಪ್ಪಿದರೆ ಕೊಡ ಇಳಿಸಿ ಮೊದಲಿನಿಂದ. ನಮ್ಮಪ್ಪ ನನಗೆ ಮಗ್ಗಿ ಕಲಿಸಿದ್ದು ಹೀಗೆ. ನಾನು ಇಪ್ಪತ್ತು ವರ್ಷದಿಂದ ಊರ ಮಕ್ಕಳಿಗೆ ಕಲಿಸುತ್ತಿರುವುದೂ ಹೀಗೆ.

ಡಬಲ್ ಬಾಂಡ್ ಪಾಠಕ್ಕಂತೂ ನಾನೇ ಒಂದು ಪದ ಕಟ್ಟಿದ್ದೆ. ಎರಡು ಕಾರ್ಬನ್ ನಡುವೆ ಒಂದರ ಬದಲು ಎರಡು ಗೆರೆ ಇದ್ದರೆ ಅದು ಡಬಲ್ ಬಾಂಡ್. ಅದು ಇದೆಯೋ ಇಲ್ಲವೋ ನೋಡಲು ಪರ್ಮಾಂಗನೇಟ್ ನೀರು ಹಾಕಿ ಕುಲುಕುತ್ತಾರೆ. (ಕಾಲರಾ ಬಂದಾಗ ನಮ್ಮ ಬಾವಿಗಳಿಗೆ ಸುರಿಯುವ ಅದೇ ನೇರಳೆ ಹರಳು.) ಡಬಲ್ ಬಾಂಡ್ ಇದ್ದರೆ ನೇರಳೆ ಬಣ್ಣ ಹೋಗುತ್ತದೆ. ನನ್ನ ಪದ ಹೀಗಿತ್ತು: "ಈಥಿಲೀನಿಗೆ ಒಂದು ಜೋಡಿ, ನೇರಳೆ ಬಣ್ಣ ಹೋಯ್ತು ನೋಡಿ. ಬೆಂಜೀನಿಗೆ ಮೂರು ಜೋಡಿ, ಇನ್ನೂ ಬೇಗ ಹೋಯ್ತು ನೋಡಿ."

ಪ್ರಾಸ ಚೆನ್ನಾಗಿತ್ತು. ನನ್ನ ಹೆಂಡತಿ ನಾಗಮ್ಮನಿಗೂ ಅದು ಬಾಯಿಗೆ ಬಂದು, ಮುದ್ದೆ ತೊಳಸುವಾಗ ಗುನುಗುತ್ತಿದ್ದಳು.

ಫಲಿತಾಂಶ ಬಂದ ವಾರ ನಾನು ಇದೇ ಜಾಗದಲ್ಲಿ ಬರೆದದ್ದು ನಿಮಗೆ ನೆನಪಿರಬಹುದು. ಪರೀಕ್ಷಕರನ್ನು ಯದ್ವಾತದ್ವಾ ಬೈದಿದ್ದೆ. ಹಳ್ಳಿ ಕಡೆಯ ಹೆಣ್ಣುಮಕ್ಕಳನ್ನು ಕಂಡರೆ ಅವರಿಗೆ ತಾತ್ಸಾರ ಅಂದಿದ್ದೆ. ಅಪ್ಪನೇ ಕೂತು ತಿದ್ದಿ ತೀಡಿದ ಹುಡುಗಿ ಹೇಗೆ ಫೇಲಾಗುತ್ತಾಳೆ ಅಂತ ಕೇಳಿದ್ದೆ. ನೀವೂ ಎಷ್ಟು ಜನ ಸಮಾಧಾನದ ಕಾಗದ ಬರೆದಿರಿ! ನಾನು ಅವನ್ನೆಲ್ಲ ಗಿರಿಜಳಿಗೆ ಓದಿ ಹೇಳಿದೆ. ಅವಳು ತಲೆ ಬಗ್ಗಿಸಿಕೊಂಡು ಕೇಳಿದಳು. ಪಾಪ, ದುಃಖ ಅಂದುಕೊಂಡೆ.

ಈಗ ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ. ಪಾಸಾದರೆ ಬಿ.ಎಸ್ಸಿ. ಇಲ್ಲವಾದರೆ ಓದು ಅಲ್ಲಿಗೆ ನಿಂತಿತು. ಉಡಿಗಾಲದಲ್ಲಿರುವ ಅವಳ ತಾತ, ಅಂದರೆ ನನ್ನ ಮಾವನವರು, ಆಗಲೇ ಗಂಡು ನೋಡಿಟ್ಟಿದ್ದಾರೆ. ಇನ್ನೊಂದು ಸಲ ಫೇಲಾದರೆ ಅವರ ಮಾತಿಗೆ ಎದುರಾಡುವ ಮುಖ ನನಗಿಲ್ಲ.

ಆಗ ನಾಗಮ್ಮ ಅಂದಳು, "ನಿಮ್ ತಾವ ಓದಿದ್ದಾಯ್ತಲ್ಲ, ಬುಡಿ. ಗುಂಡ್ಲುಪೇಟೆಗೆ ಕಳ್ಸಿ. ನನ್ ತಮ್ಮನ್ ತಾವ ಓದ್ಲಿ."

ಅಂದವಳೇ ಮಾರನೇ ದಿನ ಬಸ್ಸು ಹತ್ತಿಸಿಬಿಟ್ಟಳು.

ಅವಳ ತಮ್ಮ ಮಾದಪ್ಪ ಗುಂಡ್ಲುಪೇಟೆಯಲ್ಲಿ ಸೈನ್ಸ್ ಮೇಷ್ಟ್ರು. ನಾನು ಬಿ.ಎಸ್ಸಿ. ಥರ್ಡ್ ಕ್ಲಾಸು, ಅವನು ಸೆಕೆಂಡ್ ಕ್ಲಾಸು. ಅದಿರಲಿ. ಅವನು ಹೈಸ್ಕೂಲು ಓದಿದ್ದು ನಮ್ಮ ಮನೆಯಲ್ಲಿದ್ದುಕೊಂಡು. ಆಕ್ಸಿಜನ್ ಅಂದರೇನು ಅಂತ ಅವನಿಗೆ ಮೊದಲು ಹೇಳಿದವನೇ ನಾನು! ಅಂಥವನ ಹತ್ತಿರ ನನ್ನ ಮಗಳು ಪಾಠಕ್ಕೆ ಹೋಗುವುದಾ? ನಿಮ್ಮ ಮನೆ ಹಸು ಪಕ್ಕದ ಮನೆ ಕೊಟ್ಟಿಗೆಯಲ್ಲಿ ನಿಂತು ಹಾಲು ಕೊಟ್ಟರೆ ನಿಮಗೆ ಹೇಗಾಗುತ್ತದೆ ಹೇಳಿ.

ಹತ್ತು ದಿನಕ್ಕೆ ಗಿರಿಜಳ ಕಾಗದ ಬಂತು. ಮೂರು ಪುಟ. ಮಾವ ಹೀಗೆ ಹೇಳಿಕೊಟ್ಟರು, ಮಾವ ಹಾಗೆ ಮಾಡಿ ತೋರಿಸಿದರು, ಮಾವನ ಹತ್ತಿರ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನಾನು ಕೂತು ಎಣಿಸಿದೆ. (ನಗಬೇಡಿ, ನೀವೂ ಎಣಿಸುತ್ತಿದ್ದಿರಿ.) 'ಮಾವ' ಹತ್ತೊಂಬತ್ತು ಸಲ. 'ಅಪ್ಪ' ಒಂದೇ ಸಲ. ಅದೂ ತೀರ್ಥರೂಪು ಅಂತ ಶುರುವಾಗುತ್ತದಲ್ಲ, ಅಲ್ಲಿ.

ತಡೆಯಲಿಕ್ಕಾಗಲಿಲ್ಲ. "ಹೋಗಿ ಕರ್ಕೊಂಡು ಬರ್ತೀನಿ. ಇನ್ನು ಹದಿನೈದು ದಿನ ಇದೆ, ನಾನೇ ಓದಿಸ್ತೀನಿ" ಅಂದೆ.

ನಾಗಮ್ಮ ಒಲೆ ಮುಂದಿನಿಂದ ಎದ್ದು ಬಂದಳು. "ಯಾಕೆ, ಅಲ್ಲಿ ಏನ್ ಕಮ್ಮಿ ಆಗದೆ ಅವ್ಳ್ಗೆ?"

"ಕಮ್ಮಿ ಏನಿಲ್ಲ. ಮನೆ ಮಗಳು ಮನೇಲಿರ್ಲಿ ಅಂತ."

"ನನ್ ತಮ್ಮ ಏಳ್ಕೊಟ್ರೆ ನಿಮ್ಗೆ ಒಟ್ಟೆಕಿಚ್ಚು ಕಣಿ" ಅಂದಳು.

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಕೆಮಿಸ್ಟ್ರಿ ಬೇಕಾಗಿಲ್ಲ, ಗಂಡನ ಮುಖ ಸಾಕು. ನಾನು ಕೋಟು ಹಾಕಿಕೊಂಡು ಹೊರಟೆ.

ತೆರಕಣಾಂಬಿ ದಾಟುವವರೆಗೂ ಮಾದಪ್ಪನಿಗೆ ಏನೇನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಗುಂಡ್ಲುಪೇಟೆಯಲ್ಲಿ ಇಳಿದರೆ ಈರುಳ್ಳಿ ಲಾರಿಗಳ ಸಾಲು. ಗೋಪಾಲಸ್ವಾಮಿ ಬೆಟ್ಟದ ತುದಿ ಮಂಜಿನಲ್ಲಿ ಮುಳುಗಿತ್ತು. ಮಾದಪ್ಪನ ಓಣಿಗೆ ತಿರುಗಿದೆ. ನಾಲ್ಕು ಬೆಂಜೀನ್ ಕಂಡವು. ಮನಸ್ಸಿನಲ್ಲಿ ಜೋಡಿಸಿದ್ದೆಲ್ಲ ಅಲ್ಲೇ ಚೆದುರಿಹೋಯಿತು.

ಒಳಗೆ ಕಾಲಿಡುವಷ್ಟರಲ್ಲಿ ಮಾದಪ್ಪನ ಹೆಂಡತಿ ಚೆನ್ನಾಜಮ್ಮ ಅಡುಗೆಮನೆಯಿಂದ ಕೂಗುವುದು ಕೇಳಿಸಿತು. "ಗಿರಿಜಮ್ಮಿ, ಆರ್ಥೋ ಮನೆಯವ್ರು ಎಪ್ಪು ಕೇಳ್ತಾವ್ರೆ, ಒಂದ್ ಚಮಚ ಕೊಟ್ಬುಡು!"

ಆರ್ಥೋ ಮನೆ? ನಿಂತಲ್ಲೇ ನಿಂತೆ. ಆಮೇಲೆ ಗೊತ್ತಾಯಿತು. ಬೆಂಜೀನಿನ ಆರು ಮೂಲೆಯಲ್ಲಿ ಒಂದಕ್ಕೆ ಏನಾದರೂ ಅಂಟಿಕೊಂಡರೆ ಉಳಿದ ಮೂಲೆಗಳಿಗೆ ಹೆಸರಿದೆ. ಪಕ್ಕದ್ದು ಆರ್ಥೋ, ಅದರಾಚೆಯದು ಮೆಟಾ, ನೇರ ಎದುರಿನದು ಪ್ಯಾರಾ. ನಾನು ಅದನ್ನು ಒಂದು ತಿಂಗಳು ಬಾಯಿಪಾಠ ಮಾಡಿಸಿದ್ದೆ. ಮಾದಪ್ಪ ಓಣಿಯ ಮನೆಗಳಿಗೇ ಹೆಸರಿಟ್ಟುಬಿಟ್ಟಿದ್ದ! ಓದು ಬರಹ ಬಾರದ ಚೆನ್ನಾಜಮ್ಮನಿಗೂ ಈಗ ಆರ್ಥೋ, ಮೆಟಾ, ಪ್ಯಾರಾ ತಪ್ಪುವುದಿಲ್ಲ. (ಮೆಟಾ ಮನೆಯವರ ಜೊತೆ ಅವಳಿಗೆ ಮಾತಿಲ್ಲವಂತೆ.)

ಇದು ನನಗೆ ಯಾಕೆ ಹೊಳೆಯಲಿಲ್ಲ? ನಮ್ಮ ಬೀದಿಯಲ್ಲಿ ಮನೆಗಳಿಲ್ಲವಾ?

"ಅಯ್ಯೋ, ಭಾವ! ಬನ್ನಿ ಬನ್ನಿ, ಕೂತ್ಕಳಿ" ಅಂತ ಮಾದಪ್ಪ ಎದ್ದು ಬಂದ, ಕಾಲಿಗೆ ನೀರು ತರಿಸಿದ. ಅದೂ ನನಗೆ ಸಹಿಸಲಿಕ್ಕಾಗಲಿಲ್ಲ. ಒಂದು ಸ್ವಲ್ಪ ಜಂಬ ಮಾಡಬಾರದಾ ಇವನು? ಬೈಯಲು ಒಂದು ಕಾರಣ ಕೊಡಬಾರದಾ?

ಗಿರಿಜ ಪಡಸಾಲೆಯಲ್ಲಿ ಚಾಪೆ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಮುಖ ಅರಳಿತು. ಆಮೇಲೆ ಯಾಕೋ ಸ್ವಲ್ಪ ಬಾಡಿತು.

"ಪಾಠ ನಡೀಲಿ, ನಾನೂ ಕೇಳ್ತೀನಿ" ಅಂದೆ. ಹುಳುಕು ಹುಡುಕಲಿಕ್ಕೆ ಕೂತೆ ಅನ್ನುವುದನ್ನು ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ?

ಮಾದಪ್ಪ ಹೇಳುತ್ತಿದ್ದ. "ನೋಡ್ ಕಣಮ್ಮಿ, ಕಾರ್ಬನ್ ಅಂದ್ರೆ ನಾಕ್ ಕೈ ಇರೋ ಮನುಷ್ಯ ಅನ್ಕೊ. ಒಂದಷ್ಟು ಜನ ಸಾಲಾಗಿ ಕೈ ಕೈ ಹಿಡ್ಕೊಂಡು ನಿಂತವ್ರೆ. ಅದ್ರಲ್ಲಿ ಇಬ್ರು ಮಾತ್ರ ಎರಡೆರಡು ಕೈ ಹಿಡ್ಕೊಂಡವ್ರೆ. ಅದೇ ಡಬಲ್ ಬಾಂಡು. ಹೆಸರಿಡೋವಾಗ ಎಣಿಸೋದು ಎಲ್ಲಿಂದ?"

"ಅವರಿಬ್ಬರು ಯಾವ ತುದಿಗೆ ಹತ್ತಿರಾನೋ ಆ ತುದಿಯಿಂದ ಮಾವ."

"ಸರಿ. ಈಗ ಹೊರಗಿಂದ ಇಬ್ರು ನೆಂಟ್ರು ಬಂದ್ರು. ಏನಾಯ್ತದೆ?"

"ಇಬ್ಬರೂ ಒಂದೊಂದು ಕೈ ಬಿಟ್ಟು ನೆಂಟರ ಕೈ ಹಿಡೀತಾರೆ. ಡಬಲ್ ಹೋಗಿ ಸಿಂಗಲ್ ಆಗುತ್ತೆ."

"ಬೆಂಜೀನಲ್ಲಿ?"

"ಅಲ್ಲಿ ಆರು ಜನ ವೃತ್ತವಾಗಿ ನಿಂತಿದ್ದಾರೆ. ಆ ಹೆಚ್ಚಿನ ಹಿಡಿತ ಆರೂ ಜನರದ್ದು, ಯಾರೊಬ್ಬರದ್ದೂ ಅಲ್ಲ. ನೆಂಟರು ಬಂದರೂ ಕೈ ಬಿಡಲ್ಲ. ತುಂಬಾ ಬಲವಂತ ಮಾಡಿದರೆ ಒಬ್ಬರ ಹೆಗಲ ಮೇಲಿನ ಟವಲ್, ಅಂದರೆ ಹೈಡ್ರೋಜನ್, ತೆಗೆದು ಬೇರೆ ಟವಲ್ ಹಾಕಬಹುದು, ಅಷ್ಟೇ."

ಗಿರಿಜ ಪಟಪಟ ಹೇಳುತ್ತಿದ್ದಳು. ರಾಗವಿಲ್ಲ, ಪ್ರಾಸವಿಲ್ಲ. ನಮ್ಮ ಬಾವಿಕಟ್ಟೆಯಲ್ಲಿ ಅವಳು ಹೀಗೆ ಒಂದು ದಿನವೂ ಮಾತಾಡಿರಲಿಲ್ಲ. ನಾನು ಹುಡುಕಿದ ಹುಳುಕು ಸಿಗಲಿಲ್ಲ. ಅಲ್ಲ, ಸಿಕ್ಕಿತು ಅಂದುಕೊಂಡೆ.

"ಇರಪ್ಪ ಮಾದಪ್ಪ" ಅಂದೆ. ಗಂಟಲು ಸರಿ ಮಾಡಿಕೊಂಡೆ. "ಬೆಂಜೀನಲ್ಲಿ ಮೂರು ಡಬಲ್ ಬಾಂಡಿದೆ. ಪರ್ಮಾಂಗನೇಟ್ ಹಾಕಿದ್ರೆ ಬಣ್ಣ ಹೋಗ್ಲೇಬೇಕು. ಟವಲ್ಲು ಗಿವಲ್ಲು ಅಂತ ಏನೇನೋ ಹೇಳಿ ಹುಡುಗಿ ತಲೆ ಕೆಡಿಸ್ಬೇಡ. ಪರೀಕ್ಷೆ ಹತ್ರ ಬಂತು."

ಮಾದಪ್ಪ ನನ್ನ ಮುಖ ನೋಡಿದ. ಗಿರಿಜ ನೆಲ ನೋಡಿದಳು.

ಗೋಡೆಯ ಗೂಡಿನಲ್ಲಿ ಒಂದು ಸೀಸೆ ಪರ್ಮಾಂಗನೇಟ್ ನೀರು, ಎರಡು ಗಾಜಿನ ಟ್ಯೂಬು ರೆಡಿ ಇದ್ದವು. ಒಂದರಲ್ಲಿ ಲಾರಿಗೆ ಬಣ್ಣ ಹೊಡೆಯುವ ಮಲಯಾಳಿಯಿಂದ ತಂದ ಟರ್ಪೆಂಟೈನು. ಅದರಲ್ಲಿ ಡಬಲ್ ಬಾಂಡ್ ಇರುತ್ತದೆ. ಇನ್ನೊಂದರಲ್ಲಿ ಶಾಲೆಯ ಬೀರುವಿನಿಂದ ತಂದ ಬೆಂಜೀನ್. ಮಾದಪ್ಪ ಅವನ್ನು ಮುಟ್ಟಲಿಲ್ಲ. "ಇರ್ಲಿ ಬುಡಿ ಭಾವ. ಊಟ ಮಾಡನ ಮೊದ್ಲು" ಅಂದ.

ಬಿಡುತ್ತೀನಾ ನಾನು? ಅವನು ಹಿಂಜರಿಯುತ್ತಿದ್ದಾನೆ, ಸಿಕ್ಕಿಬಿದ್ದ ಅಂತಲೇ ನನ್ನ ಲೆಕ್ಕ. ನಾನೇ ಎದ್ದೆ. ಕೋಟಿನ ತೋಳು ಮಡಿಸಿದೆ. ಟರ್ಪೆಂಟೈನಿಗೆ ನೇರಳೆ ನೀರು ಹಾಕಿ ಕುಲುಕಿದೆ. ನೇರಳೆ ಹೋಗಿ ಕಂದು ಬಣ್ಣದ ಗಸಿ ಕೂತಿತು. "ನೋಡಿದ್ಯಾ?" ಅಂದೆ. ಬೆಂಜೀನಿಗೆ ಹಾಕಿದೆ. ಕುಲುಕಿದೆ.

ನೇರಳೆ.

ಇನ್ನೂ ಕುಲುಕಿದೆ. ತೋಳು ನೋಯುವ ತನಕ ಕುಲುಕಿದೆ. ಬಾಗಿಲ ಬೆಳಕಿಗೆ ಹಿಡಿದೆ. ಮೇಲೆ ಬೆಂಜೀನು ತಿಳಿಯಾಗಿ ನಿಂತಿತ್ತು, ಕೆಳಗೆ ನೇರಳೆ ನೀರು ಹಾಕಿದಾಗ ಹೇಗಿತ್ತೋ ಹಾಗೇ.

ಆಗ ಗಿರಿಜ ಬಾಯಿಬಿಟ್ಟಳು. "ಮಾವ, ಅಪ್ಪ ಮನೇಲಿ ಸರಿಯಾಗೇ ಹೇಳಿಕೊಟ್ಟಿದ್ದರು. ಬೆಂಜೀನಿಗೆ ಬಣ್ಣ ಹೋಗಲ್ಲ ಅಂತಲೇ ಹೇಳಿದ್ದರು. ಇವತ್ತು ಬಸ್ಸಿನಲ್ಲಿ ಬಂದು ದಣಿದಿದ್ದಾರೆ, ಬಾಯಿ ತಪ್ಪಿ ಬಂತು."

ಸುಳ್ಳು. ಅಪ್ಪಟ ಸುಳ್ಳು. ಅದು ಸುಳ್ಳು ಅಂತ ಅವಳಿಗೆ ಗೊತ್ತು, ನನಗೆ ಗೊತ್ತು. ನಮ್ಮ ಮನೆಯಲ್ಲಿ ನಾಗಮ್ಮನಿಗೂ ಗೊತ್ತು. ಮಾದಪ್ಪನಿಗೆ ಗೊತ್ತಾಗದೇ ಇರುತ್ತದಾ?

ನಾನು ಏನು ಮಾಡಬೇಕಿತ್ತು? ಇಲ್ಲಮ್ಮ, ತಪ್ಪು ನನ್ನದೇ ಅನ್ನಬೇಕಿತ್ತು. ಅನ್ನಲಿಲ್ಲ. "ಹೂಂ, ದಣಿವು" ಅಂದೆ. ಟ್ಯೂಬನ್ನು ಗೂಡಿನಲ್ಲಿಟ್ಟೆ.

ಮಾದಪ್ಪ ತಕ್ಷಣ, "ಬಸ್ಸು ಅಂಗೇ ಭಾವ, ತಲೆಯೇ ಓಡಲ್ಲ. ಬನ್ನಿ, ಎಲೆ ಹಾಕವ್ರೆ" ಅಂದ. ಮುಖದಲ್ಲಿ ಒಂದು ಎಳೆ ನಗುವಿಲ್ಲ. ಅದೇ ಮಾದಪ್ಪ ನನ್ನ ಜಾಗದಲ್ಲಿದ್ದು ನಾನು ಅವನ ಜಾಗದಲ್ಲಿದ್ದಿದ್ದರೆ? ಮುಂದಿನ ಹತ್ತು ವರ್ಷ ಪ್ರತಿ ಮದುವೆಮನೆಯಲ್ಲೂ ಆ ಕಥೆ ಹೇಳುತ್ತಿದ್ದೆ. ಅವನ ಕೆಮಿಸ್ಟ್ರಿ ಕಂಡು ಒಂದು ಪಾಲು ಹೊಟ್ಟೆ ಉರಿದಿದ್ದರೆ, ಅವನ ದೊಡ್ಡತನ ಕಂಡು ಎರಡು ಪಾಲು ಉರಿಯಿತು.

ಊಟ ಮಾಡಿದೆ. ಚೆನ್ನಾಜಮ್ಮನ ಅವರೆಕಾಳು ಸಾರು ನಮ್ಮ ಮನೆಯದಕ್ಕಿಂತ ಚೆನ್ನಾಗಿತ್ತು. ಅದೊಂದು ಬಾಕಿ ಇತ್ತು ನೋಡಿ.

ಮಗಳನ್ನು ಕರೆದುಕೊಂಡು ಹೋಗುವ ಮಾತು ನಾನು ಎತ್ತಲಿಲ್ಲ. ಎತ್ತಲು ಮುಖವೆಲ್ಲಿತ್ತು? ಸಾಯಂಕಾಲದ ಬಸ್ಸಿಗೆ ಹೊರಟೆ. ಗಿರಿಜ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದಳು.

ಬಸ್ಸು ಇನ್ನೂ ಬಂದಿರಲಿಲ್ಲ. "ಯಾಕೆ ಸುಳ್ಳು ಹೇಳಿದೆ?" ಅಂದೆ.

ಅವಳು ಸೆರಗಿನ ಅಂಚು ಸುತ್ತುತ್ತಾ ನಿಂತಳು. ಆಮೇಲೆ ಮಾರ್ಚಿಯಲ್ಲಿ ನಡೆದದ್ದನ್ನು ಹೇಳಿದಳು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಬೆಂಜೀನೇ. ನೇರಳೆ ನೀರು ಹಾಕಿ ಕುಲುಕಿ, ಕಂಡದ್ದನ್ನು ಬರೆಯಬೇಕು. ಕುಲುಕಿದಳು. ಬಣ್ಣ ಹೋಗಲಿಲ್ಲ. ಮತ್ತೆ ಕುಲುಕಿದಳು. ಹೋಗಲಿಲ್ಲ. ಆದರೆ ಅಪ್ಪ ಹೋಗುತ್ತದೆ ಅಂದಿದ್ದಾರಲ್ಲ? ತನ್ನ ಕೈಯಲ್ಲೇ ಏನೋ ತಪ್ಪಾಗಿದೆ ಅಂದುಕೊಂಡಳು. ಬಣ್ಣ ಹೋಯಿತು ಅಂತ ಬರೆದಳು. ಪರೀಕ್ಷಕರು ಬಂದು ಓದಿದರು. "ಸರಿಯಾಗಿ ನೋಡಿ ಹೇಳಮ್ಮ, ಹೋಯಿತಾ?" ಅಂದರು. ಹೋಯಿತು ಸಾರ್ ಅಂದಳು. "ಇನ್ನೊಂದು ಸಲ ನೋಡು" ಅಂದರಂತೆ. ಆಗಲೂ ಹೋಯಿತು ಅಂದಳು. ಅವರು ಟ್ಯೂಬನ್ನು ಎತ್ತಿ ಅವಳ ಕಣ್ಣ ಮುಂದೆ ಹಿಡಿದರು. ನೇರಳೆ. ಅಲ್ಲಿಂದ ಮುಂದೆ ಉಳಿದ ಪ್ರಯೋಗಗಳಲ್ಲಿ ಒಂದೂ ಅವಳ ಕೈಲಿ ಆಗಲಿಲ್ಲ.

ಎರಡು ಸಲ ಕೇಳಿದ್ದರು. ನಾನು ಇದೇ ಅಂಕಣದಲ್ಲಿ ಕಲ್ಲು ಮನಸ್ಸಿನವರು ಅಂತ ಬರೆದೆನಲ್ಲ, ಅವರೇ. ಆ ಬರಹವನ್ನು ಇವತ್ತು ವಾಪಸು ತೆಗೆದುಕೊಂಡಿದ್ದೇನೆ. ಸಮಾಧಾನದ ಕಾಗದ ಬರೆದ ನಿಮ್ಮೆಲ್ಲರಲ್ಲಿ ಕ್ಷಮೆ ಕೇಳುತ್ತೇನೆ.

"ನಿನ್ನ ಕಣ್ಣಿಗೇ ಕಾಣ್ತಿತ್ತಲ್ಲೇ ತಾಯಿ!" ಅಂದೆ.

"ಕಾಣ್ತಿತ್ತು ಅಪ್ಪ. ಆದರೆ ನೀವು ಹೇಳಿದ್ದಿರಲ್ಲ."

ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಆ ಪಾಠದ ಅರ್ಧ ಪುಟ ಗೆದ್ದಲು ತಿಂದಿತ್ತು, ಬೆಂಜೀನ್ ವಿಷಯ ಆ ತಿಂದ ಅರ್ಧದಲ್ಲಿತ್ತೋ ಏನೋ. ಗೆದ್ದಲಿನ ಮೇಲೆ ಹಾಕೋಣ ಅಂತ ಒಂದು ಕ್ಷಣ ಅನ್ನಿಸಿತು. ಹಾಕಲಿಲ್ಲ. ಪುಟ ಇಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕಿತ್ತು. ಗೊತ್ತಿಲ್ಲ ಅನ್ನುವ ಬದಲು ಪದ ಕಟ್ಟಿದೆ. ಮೇಷ್ಟ್ರಾದವನು ಮಗಳ ಮುಂದೆ ಗೊತ್ತಿಲ್ಲ ಅನ್ನುವುದುಂಟೇ? ನೀವು ಅಂದಿದ್ದೀರಾ? ನಮ್ಮಲ್ಲಿ ಯಾವ ಅಪ್ಪ ಅಂದಿದ್ದಾನೆ?

ಐದು ತಿಂಗಳು ಅವಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ನಾನು ಓದಿ ಹೇಳಿದ ಕಾಗದಗಳನ್ನೆಲ್ಲ ಕೇಳಿದ್ದಳು. ನನಗೆ ಕಣ್ಣು ತುಂಬಿತು. ಈರುಳ್ಳಿ ಲಾರಿ ಪಕ್ಕದಲ್ಲೇ ನಿಂತಿದ್ದು ಅನುಕೂಲವಾಯಿತು.

ಬಸ್ಸು ಬಂತು. ಜನ ನುಗ್ಗಿದರು. ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ. ಸುಮ್ಮನೆ ಹತ್ತಿ ಕೂರಬಹುದಿತ್ತು. ದೊಡ್ಡ ಮನುಷ್ಯನ ಹಾಗೆ, ಮಾವ ಹೇಳಿದ ಹಾಗೆ ಕೇಳಮ್ಮ ಅಂತ ಹರಸಿ ಹೋಗಬಹುದಿತ್ತು. ಹುಟ್ಟುಗುಣ ಬಿಡಬೇಕಲ್ಲ.

ತಿರುಗಿ ಕೇಳಿಯೇಬಿಟ್ಟೆ. "ಗಿರಿಜಾ, ಪರೀಕ್ಷೇಲಿ ನಾನು ಹೇಳಿದ್ದು ಒಂದು, ನಿಮ್ಮ ಮಾವ ಹೇಳಿದ್ದು ಇನ್ನೊಂದು ಆದ್ರೆ, ಯಾವುದು ಬರೀತೀಯ?"

ಕಂಡಕ್ಟರು ಸೀಟಿ ಊದಿದ.

"ಎರಡೂ ಬರೆಯಲ್ಲಪ್ಪ. ಟ್ಯೂಬಿನಲ್ಲಿ ಏನು ಕಾಣುತ್ತೋ ಅದನ್ನ ಬರೀತೀನಿ" ಅಂದಳು.

ಸದ್ಯ, ಮಾವ ಹೇಳಿದ್ದನ್ನ ಬರೀತೀನಿ ಅನ್ನಲಿಲ್ಲವಲ್ಲ!